ಹಾಲಿಯೋ, ಕಲ್ದಾರೋ?

ಗೆಳೆಯರೇ, ಇವತ್ತು ಬೀದರಿನ ನಮ್ಮ ಮನೆಯಲ್ಲಿ ಮಗಳೊಂದಿಗೆ ಜಗಳ. ಅವಳು ಆರಿಸಿದ ಅಮೆರಿಕದ ಕಾಲೇಜು ನಮ್ಮ ಕೈಗೆಟುಕುವುದಿಲ್ಲ ಎಂದೆ. ತೊಂಬತ್ತರ ಹತ್ತಿರವಿರುವ ನನ್ನ ತಾಯಿ ನಡುವೆ ಬಾಯಿ ಹಾಕಿದರು: "ಫೀ ಹಾಲ್ಯಾಗೋ, ಕಲ್ದಾರದಾಗೋ?"

ಮಗಳು ನಕ್ಕಳು. "ಡಾಲರಿನ್ಯಾಗ, ಆಯಿ."

"ನಗಬ್ಯಾಡ. ನಿಜಾಮನ ರಾಜ್ಯ ಹೋದ ಪೊಲೀಸ್ ಆಕ್ಷನ್ನಿಗಿ ಮೊದಲು ನಮ್ಮ ರೂಪಾಯಿ ಹಾಲಿ, ಇಂಗ್ರೇಜರದು ಕಲ್ದಾರ. ನಮ್ಮಣ್ಣ ಓದಲಿಕ್ಕ ಇಂಗ್ರೇಜರ ಸೊಲ್ಲಾಪುರಕ್ಕ ಹೋದ. ಅಲ್ಲಿ ಕಲ್ದಾರನೇ ಬೇಕು. ಗಡಿ ದಾಟಿದ್ರ ನಮ್ಮ ರೊಕ್ಕ ಸಣ್ಣದಾಗ್ತಿತ್ತು. ಆದ್ರೂ ಅಪ್ಪ ಕಳಿಸಿದ. ಮಗಳ್ನ ಕಳಿಸಲಿಕ್ಕ ನೀ ಯಾಕ ಅಂಜ್ತಿ?"

ಅಂದರೆ ನಮ್ಮವರಲ್ಲಿ ಆಗಲೇ ಒಬ್ಬರು ಪರದೇಶಕ್ಕೆ ಓದಲು ಹೋಗಿದ್ದರು!

ಆ ಪರದೇಶಕ್ಕೆ ಈಗ ಬೀದರಿನಿಂದ ಕೆಂಪು ಬಸ್ಸಿದೆ. ಕರ್ನಾಟಕದಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಮಗಳಿಗೆ ಟಿಕೆಟ್ಟಿನ ದುಡ್ಡೂ ಬೇಡ, ಗಡಿಯ ತನಕ.