ಬೀಗದ ಗುರುತಿಗೆ ಹನ್ನೊಂದು ದಿನದ ಸೂತಕ

ತಾಯಮ್ಮತ್ತೆ ಅಳಲು ಕೂತರೆ ಅಕ್ಕಪಕ್ಕದವರು ಒಂದು ಮಾರು ದೂರ ಸರಿದು ಕೂರುತ್ತಿದ್ದರು. ಗೌರವದಿಂದಲ್ಲ, ಪೆಟ್ಟು ಬೀಳುತ್ತದೆ ಎಂಬ ಭಯದಿಂದ. ಎದೆ ಬಡಿದುಕೊಳ್ಳಲು ಎತ್ತಿದ ಕೈ ಯಾರ ಮೇಲೆ ಬೀಳುತ್ತದೆ ಎಂಬುದು ಅವಳಿಗೇ ಗೊತ್ತಿರುತ್ತಿರಲಿಲ್ಲ. ನನ್ನ ಎಡ ಹುಬ್ಬಿನ ಮೇಲೆ ಈಗಲೂ ಒಂದು ಗಾಯದ ಕಲೆ ಇದೆ. ನಮ್ಮಪ್ಪ ಸತ್ತ ದಿನ ಅವಳ ಗಾಜಿನ ಬಳೆ ಒಡೆದು ಆದದ್ದು. ಹೆಣದ ಮುಂದೆ ಕೂತಿದ್ದ ನನ್ನ ಮುಖದಿಂದ ರಕ್ತ ಸುರಿಯುತ್ತಿದ್ದರೂ ಅವಳು ಅಳು ನಿಲ್ಲಿಸಲಿಲ್ಲ. ಸೆರಗಿನಿಂದ ಗಾಯ ಒತ್ತಿ ಹಿಡಿದು, ಅದನ್ನೂ ಹಾಡಿಗೆ ಸೇರಿಸಿಕೊಂಡಳು: "ನಿನ್ ಮಗಳು ರಗ್ತ ಸುರುಸ್ತಾವ್ಳೆ ಕಣೋ ನನ್ನಣ್ಣ, ಎದ್ ಬಂದು ನೋಡೋ!"

ಅಷ್ಟಾದರೂ ನನಗೆ ಅಳು ಬರಲಿಲ್ಲ. ಬಾಯಿಬಿಟ್ಟು ಅಳುವ ಜಾತಕವೇ ನನ್ನದಲ್ಲ ಎಂದುಕೊಂಡಿದ್ದೆ. ತಾಯಮ್ಮತ್ತೆಗೆ ಇದು ದೊಡ್ಡ ತಲೆನೋವಾಗಿತ್ತು. "ಅಳ್ದೆ ಮಡಿಕಂಡದ್ದು ಒಟ್ಟೇಲಿ ಕೊಳೀತದೆ ಕಣ ಕೂಸೆ. ಕೊಳ್ತದ್ದು ಒಂದಿನ ಮಚ್ಚು ಇಡ್ಕಂಡು ಈಚೆ ಬತ್ತದೆ" ಎಂದು ಸಿಕ್ಕಾಗಲೆಲ್ಲ ಬೈಯುತ್ತಿದ್ದಳು.

ನಮ್ಮದು ಪಣಕಹಳ್ಳಿ ದಾಟಿ ಸಿಗುವ ಒಂದು ಸಣ್ಣ ಊರು. ಊರಿನ ಕೊನೆಯ ಬೀದಿ ಕೂಲಿಯವರದು, ಅಂದರೆ ನಮ್ಮದು. ತಾಯಮ್ಮತ್ತೆ ನಮ್ಮ ಪಕ್ಕದ ಮನೆಯವಳು. ಕಡ್ಡಿಯಂಥ ಮೈ, ಆದರೆ ಇಡೀ ದಿನ ಕೋಸು ಕುಯ್ದು ಮೂಟೆ ಹೊತ್ತರೂ ದಣಿಯದ ತೋಳು. ಗಂಡ ಒಮ್ಮೆ ಕುಡಿದು ಬಂದು ಕೈ ಎತ್ತಿದಾಗ ಹಿಟ್ಟು ತೊಳಸುವ ಕೋಲಿನಿಂದ ಅವನ ಮೊಣಕಾಲು ಮುರಿದಿದ್ದಳಂತೆ. ಅವನು ಸತ್ತಾಗ ಅದೇ ಕೋಲನ್ನು ಅಪ್ಪಿಕೊಂಡು ಮೂರು ದಿನ ಅತ್ತಳು. "ಇನ್ ಯಾರ್ನ ಒಡೀಲಿ ನಾನು?" ಎಂಬುದು ಅವಳ ಹಾಡಿನ ಪಲ್ಲವಿ.

ಅವಳ ಅಳುವಿಗೆ ಬೇರೆ ಉಪಯೋಗವೂ ಇತ್ತು. ತಾಳಮಲೆ ಕಡೆಯ ಅವಳ ನಾದಿನಿಯ ಮಗನನ್ನು ಆನೆ ತುಳಿದು ಸಾಯಿಸಿತು. ತುಂಡು ತುಂಡಾದ ದೇಹವನ್ನು ಪಂಚೆಯಲ್ಲಿ ಗಂಟು ಕಟ್ಟಿ ತಂದಿದ್ದರು. ನೋಡಲು ಬಂದ ಅಧಿಕಾರಿಯೊಬ್ಬ, "ಗಂಟು ಬಿಚ್ಚಿ, ಪಕ್ಕದಲ್ಲಿ ತಾಯಿ ನಿಲ್ಲಲಿ, ಫೋಟೋ ಬೇಕು" ಎಂದ. ತಾಯಮ್ಮತ್ತೆ ಎದ್ದಳು. "ನೀನಾದ್ರೂ ಬಂದ್ಯಲ್ಲಪ್ಪ!" ಎಂದು ಅವನನ್ನು ತಬ್ಬಿಕೊಂಡು ಅಳತೊಡಗಿದಳು. ಬಿಡಿಸಿಕೊಳ್ಳುವಷ್ಟರಲ್ಲಿ ಅವನ ಅಂಗಿಯಲ್ಲಿ ಒಂದು ಗುಂಡಿಯೂ ಉಳಿದಿರಲಿಲ್ಲ, ಕುತ್ತಿಗೆಯಲ್ಲಿ ಐದು ಉಗುರಿನ ಗೀರು. ದುಃಖದಲ್ಲಿರುವ ಮುದುಕಿಯನ್ನು ಏನೆಂದು ಬೈಯುವುದು? ಫೋಟೋ ಮರೆತು ಹೋದ.

ಇಂಥ ಹೆಂಗಸು ನನ್ನ ಚುನಾವಣೆಗೆ ಸೊಂಟ ಕಟ್ಟಿ ನಿಂತಳು. ಪಂಚಾಯ್ತಿಯ ಅಧ್ಯಕ್ಷ ಸ್ಥಾನಕ್ಕೆ, ಅಂದರೆ ನಮ್ಮ ಕಡೆಯ ಸರ್ಕಾರಿ ತಮಿಳಿನ ತಲೈವರ್ ಸ್ಥಾನಕ್ಕೆ, ನಮ್ಮ ಬೀದಿಯಿಂದ ಅದುವರೆಗೆ ಯಾರೂ ನಿಂತವರಲ್ಲ. ಸೀಟು ಹೆಂಗಸರ ಪಾಲಿಗೆ ಬಂದಿತ್ತು. ಹತ್ತನೇ ತರಗತಿ ಓದಿ ರವಿಕೆ ಹೊಲಿಯುತ್ತಿದ್ದ ನನ್ನನ್ನು ಎಲ್ಲರೂ ಸೇರಿ ನಿಲ್ಲಿಸಿದರು. ಗುರುತು ಬೀಗ. ನನ್ನ ತಮ್ಮ ಸಿದ್ದರಾಜು ಪ್ಲೈವುಡ್ಡಿನಲ್ಲಿ ಆಳೆತ್ತರದ ಬೀಗ ಮಾಡಿ, ಹಳದಿ ಬಣ್ಣ ಬಳಿದು, ಹೆಗಲ ಮೇಲೆ ಹೊತ್ತು ಹಟ್ಟಿ ಹಟ್ಟಿ ತಿರುಗಿದ. ಎದುರಾಳಿ ದೊಡ್ಡ ಬೀದಿಯವರ ಸೊಸೆ. ಕೋಸಿನ ಹೊಲ, ರಾಗಿ ಕಣ, ನಮ್ಮ ಕೂಲಿ ಎಲ್ಲ ಆ ಬೀದಿಯವರ ಕೈಯಲ್ಲಿತ್ತು.

ಹದಿನಾಲ್ಕು ಓಟಿನಲ್ಲಿ ಸೋತೆ. ತಾಳವಾಡಿಯಲ್ಲಿ ಎಣಿಕೆ ಮುಗಿಸಿ ಬಸ್ಸು ಹತ್ತಿದ ನಾವು ಊರಿನವರೆಗೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಳಿಯುವಾಗ ಇನ್ನೂ ಬಿಸಿಲಿತ್ತು. ನಮ್ಮ ಬೀದಿಯ ಕಡೆಯಿಂದ ಹೊಗೆ ಏಳುತ್ತಿತ್ತು.

ಗೆದ್ದವರ ಮೆರವಣಿಗೆ ನಮಗಿಂತ ಮೊದಲೇ ನಮ್ಮ ಬೀದಿಗೆ ಬಂದಿತ್ತು. ಕೈಯಲ್ಲಿ ದೊಣ್ಣೆ, ಬಾಯಲ್ಲಿ ನನ್ನ ಹೆಸರು ಸೇರಿಸಿದ ಹೊಲಸು ಬೈಗುಳ. ಯಾರೋ ಪಟಾಕಿ ಸರವನ್ನು ತಾಯಮ್ಮತ್ತೆಯ ಹುಲ್ಲು ಮಾಡಿನ ಮೇಲೆ ಎಸೆದರು. ಮಾಡು ಒಂದೇ ಸಲಕ್ಕೆ ಹತ್ತಿಕೊಂಡಿತು. ಬುಟ್ಟಿಯ ಕೆಳಗಿದ್ದ ಕೋಳಿಗಳು ಬೆಂದು ಸತ್ತವು. ಎಣಿಕೆಗೆ ಬಾರದೆ ಊರಲ್ಲೇ ಉಳಿದು, ಬೆಂಕಿ ಆರಿಸಲು ಓಡಿದ ಸಿದ್ದರಾಜುವಿನ ತಲೆಗೆ ದೊಡ್ಡ ಬೀದಿಯ ರಂಗಣ್ಣ ದೊಣ್ಣೆ ಬೀಸಿದ. ಹಣೆ ಸೀಳಿ, ಕಣ್ಣಿಗೆ ರಕ್ತ ಇಳಿದು, ಅವನು ಕುರುಡನಂತೆ ಗೋಡೆ ಹಿಡಿದು ನಿಂತ. ಇಷ್ಟೆಲ್ಲ ಮಾಡಿ ಅವರು ಕುಣಿಯುತ್ತ ಹೊರಟುಹೋದರು.

ನಾನು ಬರುವಾಗ ಸಿದ್ದರಾಜು ಕೋಸು ಕುಯ್ಯುವ ಮಚ್ಚು ಹಿಡಿದಿದ್ದ. ಅವನ ಹಿಂದೆ ಇನ್ನೂ ಏಳೆಂಟು ಜನ, ಏಳೆಂಟು ಮಚ್ಚು. ನಾನು ಅಂಗಿ ಹಿಡಿದು ಎಳೆದೆ, ತಳ್ಳಿಬಿಟ್ಟ. "ರಂಗನ್ ತಲೆ ತತ್ತೀನಿ ಕಣಕ್ಕ, ಆಮೇಲೆ ಮಾತಾಡು" ಅಂದ. ತರುವವನೇ. ಅವನ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ರಂಗಣ್ಣನ ತಲೆಯ ಜೊತೆಗೆ ನನ್ನ ತಮ್ಮನೂ ಹೋಗುತ್ತಿದ್ದ.

ಅಷ್ಟರಲ್ಲಿ ಸುಟ್ಟ ಸೆರಗಿನ, ಕೂದಲು ಬಿಚ್ಚಿದ ತಾಯಮ್ಮತ್ತೆ ಆ ಹಳದಿ ಬೀಗವನ್ನು ದರದರ ಎಳೆದು ತಂದು ದಾರಿಗೆ ಅಡ್ಡ ಮಲಗಿಸಿದಳು. ಅದರ ಮೇಲೆ ಬಿದ್ದು ಎದೆ ಬಡಿದುಕೊಂಡು ಕೂಗಿದಳು: "ಅಯ್ಯೋ, ಸತ್ತೋದ್ಯಲ್ಲೋ ನನ್ ಕಂದಾ!"

ಆ ದನಿ ಕೇಳಿದರೆ ನಮ್ಮ ಬೀದಿಯ ಹೆಂಗಸರಿಗೆ ಕಾಲು ನಿಲ್ಲುವುದಿಲ್ಲ. ಒಬ್ಬೊಬ್ಬರೇ ಬಂದು ಸುತ್ತ ಕೂತರು.

"ಯಾರತ್ತೆ ಸತ್ತೋರು? ದಾರಿ ಬುಡು!" ಸಿದ್ದರಾಜು ಕಿರುಚಿದ. "ನಿನ್ ಮನೆ ಸುಟ್ಟವ್ರೆ!"

"ನನ್ ಮನೆ ಸುಟ್ಟದ್ದ ನಂಗೇ ಏಳ್ಬ್ಯಾಡ ಕಣ್ಲಾ. ಒತ್ತು ಮೆರುಸ್ದೋನು ನೀನು. ಎಣ ಬೀದೀಲಿ ಬುಟ್ಟು ಎಲ್ಲಿಗ್ಲಾ ಓದಯ್? ಸೂತಕದೋರು ಅನ್ನೊಂದ್ ದಿಸ ಕಬ್ಣ ಮುಟ್ಟಂಗಿಲ್ಲ. ಎಸೀಲಾ ಅದ!"

ಅಂಥ ಶಾಸ್ತ್ರ ಇದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಸಾವಿನ ವಿಷಯದಲ್ಲಿ ಅವಳದೇ ಕೊನೆಯ ಮಾತು. ಅವನು ಎಸೆಯಲಿಲ್ಲ. ಅವಳು ಎದ್ದು ಬಂದವಳೇ ಸೀಳಿದ ಹಣೆಯ ಮೇಲೇ ಬಾರಿಸಿದಳು. ಅವನು ನೋವಿಗೆ ಕುಸಿದ. ಮಚ್ಚು ಬಿತ್ತು. ಅವಳು ಅದನ್ನು ಕಾಲಿನಿಂದ ಚರಂಡಿಗೆ ತಳ್ಳಿ, ಅವನ ಎರಡೂ ಕೈಗೆ ಒಂದು ನೀರು ತುಂಬಿದ ಮಡಕೆ ಕೊಟ್ಟಳು. "ಒರೋನು ನೀನೇಯ. ಒತ್ ಮುಳುಗೋಕ್ ಮುಂಚೆ ಮಣ್ ಮಾಡ್ಬೇಕು. ಏಳು." ಹಿಂದಿದ್ದವರೂ ಮಚ್ಚು ಕೆಳಗಿಟ್ಟು ಚಟ್ಟಕ್ಕೆ ಬಿದಿರು ತರಲು ಹೋದರು.

ಸುಡುಗಾಡಿಗೆ ದೊಡ್ಡ ಬೀದಿ ದಾಟಿಯೇ ಹೋಗಬೇಕು. ತಮಟೆ ಮುಂದೆ, ಮಡಕೆ ಹೊತ್ತ ಸಿದ್ದರಾಜು ಅದರ ಹಿಂದೆ, ಬಿದಿರ ಚಟ್ಟದ ಮೇಲೆ ಬೀಗ, ಕೊನೆಗೆ ನಾವೆಲ್ಲ. ಅಲ್ಲಿ ಕುಣಿಯುತ್ತಿದ್ದವರು ಮೊದಲು ನಕ್ಕರು. ಆದರೆ ಹೆಣದ ತಮಟೆ ಕೇಳಿದರೆ ಬಾಗಿಲು ಹಾಕಿಕೊಳ್ಳುವುದು ಅಲ್ಲಿನ ಹೆಂಗಸರ ಕೈಗೆ ಬಂದ ಅಭ್ಯಾಸ. ಒಂದೊಂದೇ ಬಾಗಿಲು ಮುಚ್ಚಿತು. ಪಟಾಕಿ ನಿಂತಿತು. ರಂಗಣ್ಣ ದೊಣ್ಣೆ ಊರಿಕೊಂಡು ಜಗಲಿಯ ಮೇಲೆ ನಿಂತಿದ್ದ. ಸಿದ್ದರಾಜು ಅವನ ಮುಂದೆ ನಿಂತುಬಿಟ್ಟ. ಮಡಕೆಯ ನೀರು ಅಲುಗಿ ಅವನ ಮುಖದ ರಕ್ತ ತೊಳೆಯುತ್ತಿತ್ತು. ಹಿಂದಿನಿಂದ ತಾಯಮ್ಮತ್ತೆ ಅವನ ಬೆನ್ನಿಗೆ ಗುದ್ದಿದಳು. "ನೀರ್ ಚೆಲ್ತದೆ. ನಡಿ."

ಗುಂಡಿಯ ಸುತ್ತ ಮೂರು ಸುತ್ತು. ಸುತ್ತಿಗೊಂದರಂತೆ ಮಡಕೆಗೆ ತೂತು ಹಾಕುವುದು ಕುಡುಗೋಲಿನಿಂದ. ಅವಳು ಕಲ್ಲಿನಿಂದ ಹಾಕಿದಳು. ಹಿಂದಕ್ಕೆ ಎಸೆಯಬೇಕಾದ ಮಡಕೆಯನ್ನು ಸಿದ್ದರಾಜು ಎರಡೂ ಕೈಯಿಂದ ಎತ್ತಿ ಬಂಡೆಗೆ ಅಪ್ಪಳಿಸಿದ. ಯಾರದೋ ತಲೆಗೆ ಬೀಳಬೇಕಿದ್ದ ಪೆಟ್ಟು ಅದು. ಚೂರು ಹಾರಿ ನಾಲ್ಕು ಜನರ ಕಾಲು ಕುಯ್ದಿತು. ಆಮೇಲೆ ಅವನು ನೆಲಕ್ಕೆ ಬಿದ್ದು ಹೋ ಎಂದು ಅತ್ತ. ಎಲ್ಲರೂ ಅತ್ತರು. ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. "ನಿಂದು ಇನ್ನೂ ಬಾಕಿ ಅದೆ ಕೂಸೆ" ಎಂದಳು ತಾಯಮ್ಮತ್ತೆ.

ಸೂತಕದವರು ಕೂಲಿಗೆ ಹೋಗುವಂತಿಲ್ಲವಲ್ಲ! ನಾಲ್ಕನೇ ದಿನ ದೊಡ್ಡ ಬೀದಿಯ ಮೇಸ್ತ್ರಿ ಕರೆಯಲು ಬಂದ. ಹೊಲದಲ್ಲಿ ಕೋಸು ಬಿರಿಯುತ್ತಿತ್ತು, ಕಣದಲ್ಲಿ ರಾಗಿ ಕಾಯುತ್ತಿತ್ತು. "ಬತ್ತೀವಿ ಕಣಪ್ಪ, ಮೈಲಿಗೆ ಕಾಲಲ್ಲೇ ಕಣ ತುಳೀತೀವಿ, ರಾಸಿ ಮುಟ್ತೀವಿ. ನಿನ್ ಯಜಮಾನಂಗೆ ಅಡ್ಡಿಯಿಲ್ವಾ ಕೇಳ್ಕಂಡ್ ಬಾ" ಎಂದಳು ತಾಯಮ್ಮತ್ತೆ. ಅವನು ತಿರುಗಿ ಬರಲಿಲ್ಲ. ಹನ್ನೊಂದು ದಿನ ಬೀದಿಗೆಲ್ಲ ಒಂದೇ ಒಲೆ. ತೆಳ್ಳಗಿನ ಅಂಬಲಿ ಕುಡಿದೇ ಕಳೆದೆವು. ಕೆಲಸವಿಲ್ಲದ ಅಷ್ಟೂ ಕೈಗಳು ಸೇರಿ, ಮಣ್ಣು ಕಲಸಿ, ತಾಯಮ್ಮತ್ತೆಯ ಗೋಡೆ ಎಬ್ಬಿಸಿದವು. ಸೋತು ಬಂದ ದಿನ ಮುಖ ನೋಡದವರು ಈಗ ಒಬ್ಬರ ಮೇಲೊಬ್ಬರು ಕೆಸರು ಎರಚಿಕೊಂಡು ನಗುತ್ತಿದ್ದರು. ನನಗೆ ಆಗ ಮೊದಲ ಸಲ, ನಾವು ಪೂರ್ತಿ ಸೋತಿಲ್ಲ ಎನ್ನಿಸಿತು.

ತಿಥಿಯ ದಿನ ದೊಡ್ಡ ಬೀದಿಯ ಹೆಂಗಸರು ಕೆಲವರು ಅಕ್ಕಿ ಬೇಳೆ ತಂದು ಮೂಲೆಯಲ್ಲಿ ಕೂತರು. ಸಾವಿಗೆ ಬಂದವರನ್ನು ಹೋಗು ಅನ್ನುವುದುಂಟೆ? ಊಟವಾದ ಮೇಲೆ ತಾಯಮ್ಮತ್ತೆ ಚರಂಡಿಯಿಂದ ತೆಗೆದಿಟ್ಟಿದ್ದ ಮಚ್ಚನ್ನು ಉಜ್ಜಿ ಸಿದ್ದರಾಜುವಿಗೆ ಕೊಟ್ಟಳು. "ಈಗ ಇಡ್ಕ. ಗಳ ಕಡ್ಕಂಡ್ ಬಾ, ಮಾಡು ಆಗ್ಬೇಕು. ಮುಂದಿನ್ ಸಲಕ್ಕೆ ಇನ್ನೊಂದ್ ಬೀಗ ಮಾಡು, ಇದ್ಕಿಂತ ದೊಡ್ದು." ಮನೆ ಸುಟ್ಟದ್ದಕ್ಕೆ ನಾವು ಹಾಕಿದ ಪೊಲೀಸ್ ಕೇಸು ಇನ್ನೂ ನಡೆಯುತ್ತಲೇ ಇದೆ. ಮಾಡು ಮಾತ್ರ ಅದೇ ವಾರ ಆಯಿತು.

ಹೋದ ಮಳೆಗಾಲ ಅವಳ ಎದೆಯೇ ಕೈಕೊಟ್ಟಿತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಕೊನೆಯ ಸಲ ಕಂಡಾಗ ನನ್ನನ್ನು ಹೊಡೆಯಲು ಕೈ ಎತ್ತಿದಳು, ಅದು ಹಾಸಿಗೆಯಿಂದ ಮೇಲೇಳಲಿಲ್ಲ. "ನನ್ ಸಾವ್ಗೆ ಮೆತ್ಗೆ ಅತ್ರೆ ಎದ್ ಬಂದು ಒದೀತೀನಿ" ಎಂದಳು.

ಎರಡು ದಿನಕ್ಕೆ ಅವಳನ್ನು ನಾವು ಕಟ್ಟಿದ ಗೋಡೆಗೆ ಒರಗಿಸಿ ಕೂರಿಸಿದ್ದರು. ಬೀದಿಯೆಲ್ಲ ಸೇರಿತ್ತು, ಅಳು ಶುರುಮಾಡುವವರು ಯಾರೂ ಇಲ್ಲ. ಇಷ್ಟು ವರ್ಷ ಶುರುಮಾಡುತ್ತಿದ್ದವಳೇ ಬಾಯಿ ಮುಚ್ಚಿ ಕೂತಿದ್ದಳು. ಆ ಮುಚ್ಚಿದ ಬಾಯಿ ನನ್ನಿಂದ ನೋಡಲಾಗಲಿಲ್ಲ. ನನ್ನ ಕೈ ಮೇಲೆದ್ದದ್ದು ನೆನಪಿದೆ. ಅಪ್ಪನ ಸಾವು, ಹದಿನಾಲ್ಕು ಓಟು, ಬೆಂದ ಕೋಳಿಗಳು, ಎಲ್ಲ ಒಟ್ಟಿಗೆ ಗಂಟಲಿಗೆ ಬಂತು. ಎಷ್ಟು ಹೊತ್ತು ಕೂಗಿದೆನೋ.

ಕಣ್ಣು ಬಿಟ್ಟಾಗ ನನ್ನ ಬಳೆ ಒಂದೂ ಉಳಿದಿರಲಿಲ್ಲ. ಪಕ್ಕದಲ್ಲಿದ್ದ ಸಿದ್ದರಾಜುವಿನ ತುಟಿ ಒಡೆದು ರಕ್ತ ಬರುತ್ತಿತ್ತು. ಉಳಿದವರೆಲ್ಲ ಒಂದು ಮಾರು ದೂರ ಸರಿದು ಕೂತಿದ್ದರು.