ಪರದೆಯಾಚೆ ಅಕ್ಕನ ಬೆರಳು

ಪಿಯಾನೊ ಕಾಂಪಿಟಿಶನ್‌ನಲ್ಲಿ ನಾವು ಜಡ್ಜ್‌ಗಳು ಪರದೆಯ ಹಿಂದೆ ಕೂರುವವರು. ಬೇರೆ ಊರಲ್ಲಿಯೂ ಹೀಗೆ ಉಂಟಂತೆ. ಆದರೆ ಮಂಗಳೂರಿನಲ್ಲಿ ಪರದೆ ಇಲ್ಲದಿದ್ದರೆ ಕೆಲಸವೇ ಆಗುವುದಿಲ್ಲ. ಇಲ್ಲಿ ಪಿಯಾನೊ ಬಾರಿಸುವವರೆಲ್ಲ ಒಬ್ಬರಿಗೊಬ್ಬರು ಕಸಿನ್, ಅಲ್ಲವಾದರೆ ಕಸಿನ್‌ನ ಗಾಡ್‌ಚೈಲ್ಡ್. ಮುಖ ಕಂಡರೆ ಮಾರ್ಕು ಅದರಷ್ಟಕ್ಕೆ ಏರುತ್ತದೆ. ಹಾಗಾಗಿ ಸ್ಟೇಜಿನ ಕೆಳಗೆ ಎರಡು ಕಂಬಗಳಿಗೆ ಹಗ್ಗ ಬಿಗಿದು, ದಪ್ಪ ನೀಲಿ ಬಟ್ಟೆ ಇಳಿಬಿಟ್ಟು, ಅದರ ಹಿಂದೆ ನಮಗೆ ಮೂರು ಕುರ್ಚಿ, ಒಂದು ಟೇಬಲ್ ಫ್ಯಾನ್. ಬಾರಿಸುವವರಿಗೆ ನಂಬರ್ ಮಾತ್ರ.

ಹೋದ ವರ್ಷ ಎಲ್ಲರಿಗೂ ಒಂದೇ ಪೀಸ್ ಕೊಟ್ಟಿದ್ದರು. ಮೊದಲ ದಿನ ಅಮೆಚೂರ್‌ಗಳು, ಮರುದಿನ ಪ್ರೊಫೆಶನಲ್‌ಗಳು. ಅಮೆಚೂರ್‌ಗಳಲ್ಲಿ ಗೆದ್ದ ಒಬ್ಬರಿಗೆ ಮರುದಿನ ಪ್ರೊಫೆಶನಲ್‌ಗಳ ಜೊತೆ ಬಾರಿಸುವ ಅವಕಾಶ. ಪೀಸ್ ಸಾಧಾರಣದ್ದಲ್ಲ. ಮೆಲ್ಲಗೆ, ಏನೋ ಹೇಳಲು ಬಂದವರ ಹಾಗೆ ಶುರುವಾಗಿ, ಕೊನೆಗೆ ಎರಡೂ ಕೈಗಳನ್ನು ಎರಡು ದಿಕ್ಕಿಗೆ ಓಡಿಸಿ ಬೆವರಿಳಿಸುತ್ತದೆ. ನಮ್ಮ ಕಾನ್ವೆಂಟಿನಲ್ಲಿ ಇದಕ್ಕೆ 'ದೊಡ್ಡ ಪೀಸ್' ಎಂದೇ ಹೆಸರು. ಅದನ್ನು ಪೂರ್ತಿ ಬಾರಿಸಲು ಬಂದವರು ನನ್ನ ಕಾಲದಲ್ಲಿ ಇಬ್ಬರೇ. ನಾನು ಮತ್ತು ನನ್ನ ಅಕ್ಕ.

ಅಕ್ಕ ಈಗ ಇಲ್ಲ. ಮದುವೆಯಾಗಿ ಮಸ್ಕತ್‌ಗೆ ಹೋದಳು. ಭಾವನ ಕೆಲಸ ಅಲ್ಲಿ. ಅಲ್ಲೇ ಮನೆಯಲ್ಲಿ ಕೆಲವರಿಗೆ ಪಿಯಾನೊ ಹೇಳಿಕೊಟ್ಟಳು, ಅಲ್ಲೇ ತೀರಿದಳು. ಅವಳ ಸೀರೆಗಳು ಬಂದವು, ರೋಸರಿ ಮಾಲೆ ಬಂತು. ಬಾರಿಸಿದ್ದು ಮಾತ್ರ ಎಲ್ಲಿಯೂ ಉಳಿಯಲಿಲ್ಲ. ರೆಕಾರ್ಡ್ ಮಾಡಲು ಯಾರಾದರೂ ಫೋನ್ ಎತ್ತಿದರೆ ಅವಳು ಸ್ಟೂಲ್ ಬಿಟ್ಟು ಎದ್ದೇಬಿಡುತ್ತಿದ್ದಳು. "ನಾನೆಂತ ಪಕ್ಷಿಯಾ, ಹಿಡಿದಿಟ್ಟುಕೊಳ್ಳಲಿಕ್ಕೆ?" ಎನ್ನುತ್ತಿದ್ದಳು. ಒಂದು ರೆಕಾರ್ಡಿಂಗ್ ಇಲ್ಲ. ಅವಳ ಸಂಗೀತವೂ ಅವಳ ಜೊತೆ ಮಣ್ಣಿಗೆ ಹೋಯಿತೆಂದು ನಾನು ಒಪ್ಪಿಕೊಂಡು ಕುಳಿತವಳು.

ಆ ದಿನ ಪರದೆಯ ಹಿಂದೆ ನನ್ನ ಎಡಕ್ಕೆ ಶಾಲೆಯ ಮ್ಯೂಸಿಕ್ ಟೀಚರ್ ಒಬ್ಬರು, ಬಂಟರ ಮನೆಯವರು, ಬೋಳಾರದಿಂದ ಬರುವವರು. ಬಲಕ್ಕೆ ಯುರೋಪಿನಲ್ಲಿ ಕಲಿತು ಬಂದು ಈಗ ಗೋವಾದಲ್ಲಿ ಕನ್ಸರ್ಟ್ ಕೊಡುವ ನಮ್ಮೂರಿನ ಯುವಕ. ಅವರದ್ದು ತುಳು, ಇವನದ್ದೂ ನನ್ನದ್ದೂ ಕೊಂಕಣಿ. ಮೂವರೂ ಒಟ್ಟಾದರೆ ಮಾತು ಕನ್ನಡಕ್ಕೆ ಇಳಿಯುತ್ತದೆ, ನಡುನಡುವೆ ಇಂಗ್ಲಿಷ್.

"ಅಮೆಚೂರ್‌ಗಳು ಕಷ್ಟ ಬಂದಲ್ಲಿ ಸ್ಲೋ ಮಾಡ್ತಾರೆ ಆಂಟಿ," ಎಂದ ಯುವಕ, ಎರಡನೇ ನಂಬರ್ ಮುಗಿದಾಗ.

"ನೀವು ಪ್ರೊಫೆಶನಲ್‌ಗಳು ಸುಲಭ ಬಂದಲ್ಲಿ ಓಡ್ತೀರಿ," ಎಂದೆ. "ಎರಡಕ್ಕೂ ನಾನು ಮಾರ್ಕ್ ಕಟ್ ಮಾಡ್ತೇನೆ."

"ಇವರ ಹತ್ತಿರ ಪಾಸಾಗುವುದು ಸ್ವರ್ಗಕ್ಕೆ ಹೋದ ಹಾಗೆ ಮಾರಾಯ್ರೆ," ಎಂದರು ಬೋಳಾರದವರು. "ಸತ್ತ ಮೇಲೆ ಮಾತ್ರ."

ಮೂರನೆಯವರು ಮೆಡಿಕಲ್ ಸ್ಟೂಡೆಂಟ್ ಇರಬೇಕು, ಅಷ್ಟು ಕ್ಲೀನ್. ಒಂದು ಸ್ವರ ತಪ್ಪಲಿಲ್ಲ, ಒಂದು ಸ್ವರ ಮನಸ್ಸು ಮುಟ್ಟಲೂ ಇಲ್ಲ. ಆಮೇಲೆ ನಾಲ್ಕನೆಯವರು ಕುಳಿತರು. ಸ್ಟೂಲ್ ಎಳೆದ ಸದ್ದು, ಒಂದು ಕೆಮ್ಮು. ಹೆಂಗಸಿನ ಕೆಮ್ಮು.

ಶುರುವಿಗೆ ನಾನು ವಿಶೇಷ ಏನೂ ಬರೆದುಕೊಳ್ಳಲಿಲ್ಲ. ಪೀಸಿನ ಮಧ್ಯದಲ್ಲಿ, ಸ್ವರಗಳ ಗಾಬರಿ ಎಲ್ಲ ಇಳಿದ ಮೇಲೆ, ಒಂದು ಮೆಲುರಾಗ ಬರುತ್ತದೆ. ಅದರಲ್ಲಿ ನಡುವಿನ ಎಫ್ ಕೀಯನ್ನು ಬೆನ್ನುಬೆನ್ನಿಗೆ ಎರಡು ಸಲ ಒತ್ತಬೇಕು. ಪರದೆಯಾಚೆಯ ಹೆಂಗಸು ಒಮ್ಮೆ ಒತ್ತಿದಳು. ಕಾದಳು. ಉಸಿರು ಎಳೆದುಕೊಳ್ಳುವಷ್ಟೇ. ಮತ್ತೆ ಒತ್ತಿದಳು.

ನನ್ನ ಮಡಿಲಲ್ಲಿ ನನ್ನ ಹೆಬ್ಬೆರಳು ತಾನಾಗಿ ಮೇಲಕ್ಕೆ ಎದ್ದಿತ್ತು.

ಅದು ಯಾಕೆಂದು ಈ ಭೂಮಿಯ ಮೇಲೆ ನನಗೊಬ್ಬಳಿಗೆ ಗೊತ್ತು. ಕಾನ್ವೆಂಟಿನಲ್ಲಿ ಅತಿಥಿಗಳು ಕೂರುವ ಪಾರ್ಲರಿನಲ್ಲಿದ್ದ ಪಿಯಾನೊದ ಮರ ಜೂನ್ ಮಳೆ ಬಂತೆಂದರೆ ಉಬ್ಬುತ್ತಿತ್ತು. ತಂಡಿ ಹೋಗಲೆಂದು ಸಿಸ್ಟರ್ ಅದರ ಹೊಟ್ಟೆಯೊಳಗೆ ಬಲ್ಬ್ ಉರಿಸಿ ಇಡುತ್ತಿದ್ದರು. ಆದರೂ ನಡುವಿನ ಎಫ್ ಒಮ್ಮೆ ಒತ್ತಿದರೆ ಕೆಳಗೇ ಕುಳಿತುಬಿಡುತ್ತಿತ್ತು. ಅದನ್ನು ಹೆಬ್ಬೆರಳಿನ ಉಗುರಿನಿಂದ ಎತ್ತಿ, ಪುನಃ ಒತ್ತಬೇಕು. "ದೇವರು ಕೊಟ್ಟ ಪಿಯಾನೊ ಇದು, ಇದರಲ್ಲೇ ಬಾರಿಸಿ," ಎನ್ನುತ್ತಿದ್ದರು ಸಿಸ್ಟರ್. ನಾವಿಬ್ಬರೂ ದೊಡ್ಡ ಪೀಸ್ ಕಲಿತದ್ದು ಹಾಗೆ, ಒತ್ತಿ, ಎತ್ತಿ, ಒತ್ತಿ. ಮುಂದೆ ನಾನು ಬಾಂಬೆಗೆ ಕಲಿಯಲು ಹೋದಾಗ ಅಲ್ಲಿನ ಟೀಚರ್ ಆ ಚಾಳಿ ಬಿಡಿಸಿದರು. ಅಕ್ಕ ಬಿಡಲಿಲ್ಲ. ಎಷ್ಟು ಒಳ್ಳೆಯ ಪಿಯಾನೊ ಸಿಕ್ಕಿದರೂ ಆ ಎಫ್‌ನಲ್ಲಿ ನಿಲ್ಲುತ್ತಿದ್ದಳು. ಅವಳು ನಿಂತಾಗ ಕೇಳುವವರ ಉಸಿರೂ ನಿಲ್ಲುತ್ತಿತ್ತು.

ಪರದೆಯಲ್ಲಿ ಒಂದು ಸಣ್ಣ ಸಂದಿ ಇತ್ತು, ಫ್ಯಾನಿನ ಗಾಳಿಗೆ ತೆರೆದು ಮುಚ್ಚುತ್ತಿತ್ತು. ನಾನು ನೋಡಲಿಲ್ಲ. ರೂಲ್ ಎಂದಲ್ಲ. ಮೊಣಕೈ ಹೊರಗೆ ಚಾಚಿ ಕುಳಿತ, ಹೂವಿನ ಫ್ರಾಕಿನ, ಕಾನ್ವೆಂಟ್ ದಿನಗಳ ಅಕ್ಕ ಅಲ್ಲಿ ಕಂಡರೆ ಏನು ಮಾಡುವುದೆಂದು ಹೆದರಿಕೆ ಆಯಿತು. ಈ ವಯಸ್ಸಿನಲ್ಲಿ, ಹಾಡುಹಗಲು, ಟೀ ಕಪ್ಪುಗಳ ಎದುರು. ಕಾಣದಿದ್ದರೆ ಏನು ಮಾಡುವುದೆಂದು ಇನ್ನೂ ಹೆಚ್ಚು ಹೆದರಿಕೆ.

ಕೊನೆಯ ಓಟದಲ್ಲಿ ಆಕೆಯ ಎಡಗೈ ಜಾರಿತು. ಇಡೀ ಒಂದು ಸಾಲು ಕಲಸಿಹೋಯಿತು. ಹೇಗೋ ಮುಗಿಸಿದಳು.

ಉಳಿದವರೂ ಬಾರಿಸಿ ಆದ ಮೇಲೆ, ಕೊನೆಗೆ ಚರ್ಚೆಗೆ ಉಳಿದದ್ದು ಮೂರು ಮತ್ತು ನಾಲ್ಕು.

"ನಾಲ್ಕು," ಎಂದರು ಬೋಳಾರದವರು. "ಆ ಮಧ್ಯದ ಜಾಗ ಉಂಟಲ್ಲ, ನನಗೆ ಕೈಯ ರೋಮ ಎದ್ದಿತು."

"ಅದು ತಪ್ಪು ಟೀಚರ್," ಎಂದ ಯುವಕ. "ಅದೇ ರಾಗ ಮುಂದೆ ಬೇರೆ ಸ್ವರದಿಂದ ಬರ್ತದೆ. ಅಲ್ಲಿ ಅವರು ನಿಲ್ಲಲೇ ಇಲ್ಲ. ಭಾವನೆ ಆದರೆ ಎರಡೂ ಕಡೆ ಇರಬೇಕಲ್ಲ? ಇದು ಬರೇ ಹ್ಯಾಬಿಟ್."

"ನೀವು ಎಕ್ಸ್‌ರೇ ತೆಗೆದ ಹಾಗೆ ಕೇಳ್ತೀರಿ."

"ಮತ್ತೆ ಕಣ್ಣೀರು ಹಾಕಿಕೊಂಡು ಮಾರ್ಕ್ ಕೊಡಲಿಕ್ಕೆ ಆಗ್ತದಾ? ಆಂಟಿ, ನೀವು ಹೇಳಿ."

ನನ್ನ ಒಂದು ಮಾತು ಸಾಕಿತ್ತು. ನಾಲ್ಕು ಎಂದರೆ ನಾಳೆ ಸಂಜೆ ಇದೇ ಕುರ್ಚಿಯಲ್ಲಿ ಕುಳಿತು ಅಕ್ಕನನ್ನು ಇನ್ನೊಮ್ಮೆ ಕೇಳಬಹುದು. ಒಂದೇ ಒಂದು ಸಲ. ಆದರೆ ಕಲಸಿಹೋದ ಆ ಸಾಲನ್ನು ನನ್ನ ಕಿವಿ ಕೇಳಿಯಾಗಿತ್ತು. ಕೇಳಿಲ್ಲ ಎಂದು ಕಿವಿಗೆ ಹೇಗೆ ಹೇಳುವುದು?

"ಮೂರು," ಎಂದೆ. "ಕ್ಲೀನ್ ಉಂಟು."

ಬೋಳಾರದವರು ನನ್ನ ಕಣ್ಣು ಕೆಂಪಾದದ್ದನ್ನು ನೋಡಿದರು. "ನಿಮಗೆ ಹುಷಾರಿಲ್ಲವಾ?"

"ಫ್ಯಾನಿನ ಗಾಳಿ," ಎಂದೆ.

ಸೋತವರು ಜಡ್ಜ್ ಒಬ್ಬರ ಹತ್ತಿರ ಬಂದು ಕೇಳಬಹುದು, ಜಡ್ಜ್ ಒಂದು ತಿದ್ದುಪಡಿ ಹೇಳಲೇಬೇಕು. ಇದು ಸಿಸ್ಟರ್‌ಗಳ ಕಾಲದಿಂದ ನಡೆದು ಬಂದ ಪದ್ಧತಿ. ಹಾಲ್ ಖಾಲಿಯಾಗುತ್ತಿದ್ದಾಗ ನಾಲ್ಕನೇ ನಂಬರ್ ನನ್ನ ಎದುರು ಬಂದು ನಿಂತಳು. ನಲ್ವತ್ತೈದರ ಆಸುಪಾಸು, ಹತ್ತಿಯ ಚೂಡಿದಾರ್, ಗಿಡ್ಡ ಉಗುರು. ಮೊಣಕೈ ಮೈಗೆ ಅಂಟಿಸಿಕೊಂಡು ನಿಲ್ಲುವ ಜಾತಿ. ಅಕ್ಕನ ಹಾಗೆ ಏನೇನೂ ಇರಲಿಲ್ಲ.

"ನಮಸ್ಕಾರ ಟೀಚರ್. ನಾನು ಕಾಟಿಪಳ್ಳದವಳು. ಮಸ್ಕತ್‌ನಲ್ಲಿ ನರ್ಸ್ ಆಗಿದ್ದೆ. ನೈಟ್ ಡ್ಯೂಟಿ ಮುಗಿಸಿ ಒಬ್ಬರು ಮೇಡಂ ಹತ್ತಿರ ಕಲಿತದ್ದು. ಎಂತ ತಿದ್ದಬೇಕು ಹೇಳಿ. ಮುಂದಿನ ವರ್ಷ ಮತ್ತೆ ಬರ್ತೇನೆ."

ಯಾವ ಮೇಡಂ ಎಂದು ನಾನು ಕೇಳಲಿಲ್ಲ. ಕೊನೆಯ ಓಟದ ಬಗ್ಗೆ ಹೇಳಿ ಕಳಿಸಬಹುದಿತ್ತು, ಅದೂ ನಿಜವೇ. ಆದರೆ ಎಡಗೈ ಜಾರಿದ್ದು ಅವಳಿಗೇ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದು. ಅದನ್ನು ಹೇಳದಿದ್ದರೆ ಮುಂದಿನ ವರ್ಷವೂ ಯಾರೋ ಅದನ್ನೇ ತಪ್ಪೆಂದು ಬರೆಯುತ್ತಾರೆ. ಹೇಳಿದರೆ ಅಕ್ಕ ಇಲ್ಲಿಂದಲೂ ಎದ್ದು ಹೋಗುತ್ತಾಳೆ.

"ಮಧ್ಯದ ಎಫ್‌ನಲ್ಲಿ ಕಾಯ್ತೀರಿ," ಎಂದೆ. "ಅಲ್ಲಿ ಕಾಯುವ ಹಾಗಿಲ್ಲ."

"ಮೇಡಂ ಹಾಗೇ ಬಾರಿಸ್ತಿದ್ದರು."

"ಅವರು ಕಲಿತ ಪಿಯಾನೊದಲ್ಲಿ ಆ ಕೀ ಮೇಲೆ ಬರುತ್ತಿರಲಿಲ್ಲ. ಎತ್ತಬೇಕಿತ್ತು."

ಅವಳು ನನ್ನ ಮುಖ ನೋಡಿದಳು. "ನಿಮಗೆ ಹೇಗೆ ಗೊತ್ತು?"

"ಅದೇ ಸ್ಟೂಲಿನಲ್ಲಿ ಪಕ್ಕದಲ್ಲಿ ಕೂತವಳು ನಾನು. ಅವಳ ತಂಗಿ."

ಅವಳು ತಟ್ಟನೆ ನನ್ನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಮೆಲ್ಲಗೆ ನಕ್ಕಳು. "ಅಂದರೆ ಇಷ್ಟು ವರ್ಷ ನಾನು ಬೇರೆ ಯಾರದೋ ಪಿಯಾನೊದ ಕೀಗೆ ಕಾಯ್ತಾ ಇದ್ದೆ."

"ಹೌದು ಬಾಯ್," ಎಂದೆ, ಕೊಂಕಣಿಯಲ್ಲಿ ತಂಗಿಯನ್ನು ಕರೆಯುವ ಹಾಗೆ.

ಅವಳು ಸ್ಟೇಜ್ ಹತ್ತಿ ಕುಳಿತು ಆ ಜಾಗ ಬಾರಿಸಿದಳು, ನಿಲ್ಲದೆ. ರಾಗ ನೀರಿನ ಹಾಗೆ ಹರಿದು ಹೋಯಿತು. ಸರಿಯಾಗಿತ್ತು. ಚೆಂದವೂ ಆಗಿತ್ತು, ಅದನ್ನು ನಾನು ಇಲ್ಲ ಎನ್ನಲಾರೆ.

"ಒಮ್ಮೆ ಮೊದಲಿನ ಹಾಗೆ ಬಾರಿಸ್ತೀರಾ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

ಬಾರಿಸಿದಳು. ಎಫ್ ಒತ್ತಿ, ಕಾದು, ಒತ್ತಿದಳು. ಈಗ ಅದು ಗೊತ್ತಿದ್ದು ಕಾದದ್ದು, ಬಸ್ಸಿಗೆ ಕಾದ ಹಾಗೆ. ಇನ್ನೊಮ್ಮೆ ಪ್ರಯತ್ನಿಸಿದಳು. ಅವಳಿಗೂ ಕೇಳಿಸಿರಬೇಕು, ಕೈ ಮಡಿಲಿಗೆ ಇಳಿಸಿ ನನ್ನತ್ತ ತಿರುಗಿದಳು.

"ಬರ್ತಾ ಇಲ್ಲ ಟೀಚರ್."

"ಬೇಡ. ಸ್ಟ್ರೇಟ್ ಬಾರಿಸಿ."

ಮತ್ತೆ ಶುರು ಮಾಡಿದಳು, ಎಫ್ ಹತ್ತಿರ ಬಂದಾಗ ಬೆರಳು ಹಳೆಯ ನೆನಪಿನಿಂದ ಸ್ವಲ್ಪ ಹಿಂಜರಿಯಿತು. ನಾನು ಪಿಯಾನೊದ ಪಕ್ಕ ಕುರ್ಚಿ ಎಳೆದು ಕುಳಿತೆ. ಅವಳು ಎಲ್ಲಿಯೂ ನಿಲ್ಲದ ಹಾಗೆ, ದೊಡ್ಡ ಸ್ವರದಲ್ಲಿ, ತಾಳ ಎಣಿಸತೊಡಗಿದೆ.