ಕೂತು ಅಳೆದ ಕಿಟಕಿ

ಮೊನ್ನೆ ನಮ್ಮ ರಾಯಬಾಗದ ಮನೆಗೆ ಹೊಸ ಕಿಟಕಿ ಕೂರಿಸಿದರು. ಅಲ್ಯುಮಿನಿಯಂ ಚೌಕಟ್ಟಿನ ಸುತ್ತ ಬಿಳಿ ಅಂಟು ತುಂಬುವಾಗ ಮನೆಯೆಲ್ಲ ಹುಳಿ ವಾಸನೆ ಹಬ್ಬಿತು, ಹಳಸಿದ ಮಜ್ಜಿಗೆಯಂಥದ್ದು. ಮಗಳು ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದಳು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಆ ವಾಸನೆಯನ್ನು ನಾನು ಮೊದಲು ಮೂಸಿದ್ದು ಬೇಡಕಿಹಾಳದ ಒಂದು ಓಣಿಯಲ್ಲಿ, ಎದುರು ಮನೆಯ ಕಾಕು ಅವರ ಕಿಟಕಿಯ ಹತ್ತಿರ...

ಆಗ ನಾನು ಅಲ್ಲಿಯ ಶಾಲೆಗೆ ಹೊಸದಾಗಿ ಬಂದಿದ್ದೆ. ಊರಿಗೆಲ್ಲ ಬಾಯಾರು, ಅಂದರೆ ಟೀಚರು. ಕಾಕು ಎಂದರೆ ಚಿಕ್ಕಮ್ಮ; ನನಗೆ ಬಂಧುವೇನಲ್ಲ, ಇಡೀ ಓಣಿಗೇ ಕಾಕು. ಹಳೆಯ ಜೈನ ಮನೆತನ. ಲಕ್ವಾ ಹೊಡೆದು ಅವರ ಎಡಭಾಗ ಸೋತಿತ್ತು. ಕುರ್ಚಿಯಲ್ಲಿ ಕೂರಿಸಿದರೆ ಒಂದು ಕಡೆಗೆ ಜಾರುತ್ತಿದ್ದರು. ಹಾಗಾಗಿ ನೆಲದ ಮೇಲೆ ಗಾದಿ, ಬೆನ್ನಿಗೆ ಲೋಡು, ಪಕ್ಕದಲ್ಲಿ ಕಿಟಕಿ. ಬೆಳಿಗ್ಗೆ ಅಲ್ಲಿ ಕೂತರೆ, ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಮಲಗುವ ತನಕ ಅದೇ ಜಾಗ.

ಆ ಕಿಟಕಿಯೂ ಹಳೇ ಕಾಲದ್ದು, ನೆಲದಿಂದ ಗೇಣಷ್ಟೇ ಮೇಲೆ. ಕೆಳಗೆ ಕೂತು ಬದುಕಿದ ಜನ ಕಟ್ಟಿಸಿದ್ದಲ್ಲವೆ! ಎಲ್ಲಿಗೆ ಹೊಂಟ್ರಿ, ಏನು ಪಲ್ಯ ಮಾಡಿದ್ರಿ ಎಂಬ ಕಾಕುವಿನ ಸುಂಕ ಕಟ್ಟದೆ ಯಾರೂ ಆ ಓಣಿ ದಾಟುವಂತಿರಲಿಲ್ಲ. ಬಸದಿಗೆ ಹೋಗಿಬಂದವರು ಅಲ್ಲಿ ವರದಿ ಒಪ್ಪಿಸಬೇಕು. ಯಾರದೋ ಕೂಸಿಗೆ ಜ್ವರ ಬಂದರೆ, ಔಷಧ ಬರುವ ತನಕ ಹೋಗುವವರಿಗೆಲ್ಲ ಹೇಳಿ ಹೇಳಿ ಸಾಕುಮಾಡುತ್ತಿದ್ದರು. ಕುಂತಲ್ಲೇ ಕುಂತು ಎರಡು ಮನೆಗಳ ನೆಂಟಸ್ತನವನ್ನೂ ಕುದುರಿಸಿದ್ದರು.

ಆದರೆ ಅವರಿಗೆ ದಮ್ಮಿನ ಕಾಯಿಲೆಯೂ ಇತ್ತು. ಕಬ್ಬು ಕಡಿಯುವ ಹಂಗಾಮು ಬಂತೆಂದರೆ ಹೊಲಗಳಲ್ಲಿ ರವದಿ ಸುಡುತ್ತಾರೆ, ಆ ಒಣಗರಿಯ ಕರಿಬೂದಿ ಹಾರಿ ಬಂದು ಗಾದಿಯ ಮೇಲೆ ಕೂರುತ್ತದೆ. ಸಾಲದ್ದಕ್ಕೆ ಟ್ರ್ಯಾಕ್ಟರ್ ಧೂಳು. ಹಳೆಯ ಕಟ್ಟಿಗೆ ಬಾಗಿಲು ಹಾಕಿದರೂ ಸಂದಿನಿಂದ ಒಳಗೆ ಬರುತ್ತಿತ್ತು. ಚಿಕ್ಕೋಡಿಯ ಡಾಕ್ಟರು, ಧೂಳು ತಪ್ಪಿಸದಿದ್ದರೆ ಔಷಧ ಹತ್ತುವುದಿಲ್ಲ ಎಂದರು. ಕಾಕುವಿನ ಮಗ ಗಾಬರಿಯಾಗಿ, ಕಿಟಕಿ ಬದಲಿಸಲು ನಿಪ್ಪಾಣಿಯಿಂದ ಒಬ್ಬನನ್ನು ಕರೆಸಿದರು.

ಅವನು ಬಂದವನೇ ನಿಂತುಕೊಂಡು ಟೇಪು ಹಿಡಿದ. ಕೆಳಗಿನ ಅರ್ಧಕ್ಕೆ ಇಟ್ಟಂಗಿ ಕಟ್ಟಿ, ಮೇಲಿನ ಅರ್ಧಕ್ಕೆ ಸರಿಸುವ ಗಾಜು ಹಾಕುತ್ತೇನೆ, ಈಗ ಎಲ್ಲ ಕಡೆ ಹಾಗೇ ಎಂದ. ನಾನು ಮೊಸರು ಕೇಳಲು ಹೋದವಳು ಅಲ್ಲೇ ಇದ್ದೆ. ಇಟ್ಟಂಗಿ ಕಟ್ಟಿದರೆ ಕಾಕುವಿಗೆ ಕಾಣುವುದು ಬರೀ ಆಕಾಶ. ಆ ಮಾತು ನನ್ನ ಬಾಯಿಂದ ಬರುವ ಮೊದಲೇ ಕಾಕು ಬಲಗೈಯಿಂದ ಗಾದಿ ತಟ್ಟಿದರು.

"ಕುಂದ್ರಪಾ ತಮ್ಮಾ. ಕುಂತ ಅಳತಿ ತಗೋ. ಈ ಖಿಡಕ್ಯಾಗ ನಿಂತ ನೋಡಾವ್ರು ಯಾರೂ ಇಲ್ಲ."

ಅವನು ನಕ್ಕ. ಆಮೇಲೆ ಅವರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ಒಮ್ಮೆ ಹೊರಗೆ ನೋಡಿದ. ಟೇಪನ್ನು ನೆಲದಿಂದಲೇ ಮೇಲಕ್ಕೆ ಎಳೆದ.

ಕಿಟಕಿ ಬಂತು, ಚಂದ ಕೂತಿತು. ಬೂದಿ ನಿಂತಿತು, ಕೆಮ್ಮು ಇಳಿಯಿತು. ಆದರೆ ಮಗ ಯಾರಿಗೂ ಹೇಳದೆ ಕನ್ನಡಿ ಗಾಜು ಹಾಕಿಸಿದ್ದರು. ಹಗಲಿನಲ್ಲಿ ಒಳಗಿದ್ದವರಿಗೆ ಹೊರಗಿನದೆಲ್ಲ ಕಾಣುತ್ತದೆ, ಹೊರಗಿನವರಿಗೆ ತಮ್ಮ ಮುಖವೇ ಕಾಣುತ್ತದೆ. ಓಣಿಯ ಹುಡುಗರು ಅದರ ಮುಂದೆ ಕೂತು ಕ್ರಾಪು ತೀಡಿಕೊಳ್ಳತೊಡಗಿದರು, ಮುದುಕರೊಬ್ಬರು ಮೀಸೆ ತಿರುವಿಕೊಂಡರು. ಕಾಕು ಮಲಗಿರಬೇಕು ಎಂದುಕೊಂಡು ನಾವೆಲ್ಲ ಸದ್ದು ಮಾಡದೆ ದಾಟುತ್ತಿದ್ದೆವು.

ಒಂದು ದಿನ ಶಾಲೆಗೆ ಹೊರಟವಳು ನಾನೂ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಕುಂಕುಮ ತಿದ್ದಿಕೊಂಡೆ. ಒಳಗಿಂದ ಟಕ್ ಟಕ್ ಎಂದಿತು. ಗಾಜು ಚೂರು ಸರಿಯಿತು.

"ಛಲೋ ಕುಂತೈತಿ ಬಿಡ್ರಿ ಬಾಯಾರ, ಇನ್ನ ಸಾಕ."

ನಾಚಿಕೆಯಿಂದ ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಕಾಕು ನಕ್ಕರು, ನಕ್ಕು ನಕ್ಕು ಕೆಮ್ಮಿದರು. ಆಮೇಲೆ ನಗು ಆರಿತು.

"ನಾ ಒಳಗಿಂದ ಒದರತೀನ್ರಿ, ಯಾರಿಗೂ ಕೇಳಂಗಿಲ್ಲ. ಬಂದಾವ್ರೆಲ್ಲಾ ತಮ್ಮ ತಮ್ಮ ಮಾರಿ ನೋಡ್ಕೊಂಡು ಹೋಗ್ತಾರ. ನಾ ಸತ್ತ ಮ್ಯಾಲೆ ಈ ಓಣಿ ಹೆಂಗ ಇರತೈತಿ ಅಂತ, ಈಗ ಕುಂತ ನೋಡಾಕತ್ತೀನಿ."

ಮಗ ಹಾಲಿನ ಲೋಟ ಹಿಡಿದು ಹಿಂದೆಯೇ ನಿಂತಿದ್ದರು. ಅವರಿಗೂ ಕೇಳಿಸಿತು. ಲೋಟ ಕೆಳಗಿಟ್ಟು ನನ್ನ ಕಡೆ ನೋಡಿ ಅಂದರು, "ನಮ್ಮ ಆಯಿ ಮಾರಿ ಸೊಟ್ಟ ಆಗೇತ್ರಿ ಬಾಯಾರ. ಮಂದಿ ದಿಟ್ಟಿಸಿ ನೋಡಬಾರದಂತ ಈ ಕನ್ನಡಿ ಗಾಜ ಹಾಕಸಿದ್ದೆ."

"ನೋಡ್ಲಿ ಬಿಡಪಾ," ಅಂದರು ಕಾಕು. "ನೋಡಿ ನೋಡಿ ಅವರಿಗೂ ರೂಢಿ ಆಗತೈತಿ."

ನಿಪ್ಪಾಣಿಯವನು ಮತ್ತೆ ಬಂದ. ಒಂದೇ ಕಿಟಕಿಗೆ ಇಷ್ಟು ಸಲ ಯಾರೂ ತನ್ನನ್ನು ಕರೆಸಿಲ್ಲ ಎಂದು ಗೊಣಗುತ್ತಲೇ ತಿಳಿಗಾಜು ಹಾಕಿಕೊಟ್ಟ. ಗಾಜು ಮುಚ್ಚಿಯೇ ಇರಬೇಕಾದ್ದರಿಂದ ಮಾತು ಕೇಳಿಸುತ್ತಿರಲಿಲ್ಲ. ಕಾಕು ಬಲಗೈ ಎತ್ತಿ ಅಂಗೈ ತಿರುಗಿಸುತ್ತಿದ್ದರು, ಎಲ್ಲಿಗೆ ಎಂದು. ನಾವು ಸಂತೆಯ ಚೀಲ ತೋರಿಸುತ್ತಿದ್ದೆವು, ಪುಸ್ತಕ ತೋರಿಸುತ್ತಿದ್ದೆವು. ಊರಿಗೆ ಹೊಸಬರಾದ ಅಳಿಯಂದಿರು ಇದೇನಪ್ಪ ಇಡೀ ಓಣಿಯೇ ಮೂಕರದ್ದು ಎಂದುಕೊಂಡದ್ದೂ ಉಂಟು.

ಮುಂದೆ ನನಗೆ ವರ್ಗವಾಯಿತು. ಕಾಕು ತೀರಿಕೊಂಡ ಸುದ್ದಿ ತಡವಾಗಿ, ಯಾರದೋ ಬಾಯಿಂದ ಬಂತು...

ಮೊನ್ನೆ ಆ ವಾಸನೆ ಬಡಿದ ಮೇಲೆ ಮನಸ್ಸು ತಡೆಯಲಿಲ್ಲ. ರಜೆಯ ದಿನ ಬೇಡಕಿಹಾಳದ ಬಸ್ಸು ಹತ್ತಿದೆ. ಓಣಿ ಬಹಳ ಬದಲಾಗಿದೆ, ಕಿಟಕಿ ಹಾಗೇ ಇದೆ. ಅದರ ಮುಂದೆ ಬಂದಾಗ ಗೊತ್ತಿಲ್ಲದೆಯೇ ಸೊಂಟ ಬಾಗಿತು. ಒಳಗೆ ಗಾದಿ ಇರಲಿಲ್ಲ. ಖಾಲಿ ನೆಲದ ಮೇಲೆ ಕಾಕುವಿನ ಸೊಸೆ ಅಕ್ಕಿ ಆರಿಸುತ್ತ ಕೂತಿದ್ದರು. ನನ್ನನ್ನು ಗುರುತಿಸಿ, ಎದ್ದು ಬಂದು ಬಾಗಿಲು ತೆರೆದರು.

"ಹಳೇ ಮಂದಿ ಎಲ್ಲಾರೂ ಹಿಂಗ ಬಗ್ಗತಾರ್ರಿ ಬಾಯಾರ," ಅಂದರು. "ಖಾಲಿ ಕಂಡ್ರ ಅವರ ಮಾರಿ ಸಣ್ಣ ಆಗತೈತಿ. ಅದಕ ಕೆಲಸ ಇದ್ರ ನಾನ ಇಲ್ಲಿ ಬಂದು ಕುಂತ ಮಾಡ್ತೀನ್ರಿ."

ಚಹಾ ಕುಡಿದೆ. ಹೊರಟಾಗ ಅವರು ಮತ್ತೆ ಅಕ್ಕಿಯ ಮೊರದ ಮುಂದೆ ಕೂತರು. ಕೈ ಎತ್ತಲಿಲ್ಲ, ಆ ಸನ್ನೆ ಕಾಕುವಿನದು ಎಂಬಂತೆ ಸುಮ್ಮನೆ ನನ್ನನ್ನು ನೋಡಿದರು. ನಾನು ಗಾಜಿನ ಈಚೆ ನಿಂತು, ಯಾರೂ ಕೇಳದಿದ್ದರೂ, ಬಸ್‌ಸ್ಟ್ಯಾಂಡಿನ ಕಡೆಗೆ ಕೈ ತೋರಿಸಿದೆ.